ಬಾಗಿಲಾಚೆಯ ಪಿಸುದನಿ

ಓಣಿಯ ತಿರುವಿನಲ್ಲೇ ಬೈಕನ್ನು ಬಂದ್ ಮಾಡಿ ಮನೆಯವರೆಗೂ ತಳ್ಳಿಕೊಂಡು ಬಂದ ಪ್ರಭುರಾಜ, ಯಾರಾದರೂ ಕೇಳಿದರೆ ಪೆಟ್ರೋಲು ತೀರಿದೆ ಎಂದು ಹೇಳಬೇಕೆಂದುಕೊಂಡಿದ್ದ. ಕೇಳುವವರು ಯಾರೂ ಇರಲಿಲ್ಲ. ಕುಷ್ಟಗಿಯ ಬಿಸಿಲಿಗೆ ಓಣಿಯ ನಾಯಿಗಳೂ ಚರಂಡಿಯ ಕಲ್ಲಿನ ಕೆಳಗೆ ಸೇರಿಕೊಂಡಿದ್ದವು. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ಕಾಲಿಟ್ಟಾಗ ತನ್ನ ಮನೆಯ ಹಾಸುಗಲ್ಲು ಎಷ್ಟು ತಣ್ಣಗಿದೆ ಎಂಬುದು ಇಷ್ಟು ವರ್ಷಗಳಲ್ಲಿ ಮೊದಲ ಸಲ ಗೊತ್ತಾಯಿತು. ಕಾಳಿನ ಚೀಲಗಳನ್ನಿಡುವ ಹಿಂದಿನ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಅವನು ಗೋಡೆಗೆ ಬೆನ್ನು ಹಚ್ಚಿ, ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತ. ಒಳಗೆ ದಾನೇಶ್ವರಿ ಪಿಸುಗುಡುತ್ತಿದ್ದಳು. "ಉಸಿರು ಬಿಡಬ್ಯಾಡ. ಅವ ಹೊರಗ ನಿಂತಾನ." ಅವ ಎಂದರೆ ತಾನೇ ಎಂದುಕೊಂಡ ಪ್ರಭುರಾಜ. ಆದರೂ ಕಿವಿಯನ್ನು ಸಂದಿಯಿಂದ ತೆಗೆಯಲಿಲ್ಲ. "ಅವನಿಗೆ ಏನೂ ಗೊತ್ತಾಗಿಲ್ಲ. ಅವ ಹೋಗೂತನಕ ನನ್ನ ಕೈ ಬಿಡಬ್ಯಾಡ." ಆಮೇಲೆ ಅವಳ ನಗು, ಮದುವೆಯಾದ ಹೊಸದರಲ್ಲಿ ಕೇಳಿದ್ದಂಥದು. "ನಜೀಬ, ಈಗ ಛಲೋ ಬಂತಲ್ಲ? ಇನ್ನೊಮ್ಮೆ ಮಾಡೂಣೇನು? ನನಗಂತೂ ಮೈಯೆಲ್ಲ ಬೆವರು ಇಳ್ಯಾಕತ್ತೈತಿ."

ಅವನು ಅಂಗಳಕ್ಕೆ ಬಂದು ಚಪ್ಪಲಿ ಮೆಟ್ಟಿ, ಗೇಟನ್ನು ಜೋರಾಗಿ ಸದ್ದು ಮಾಡಿ, ಈಗಷ್ಟೇ ಬಂದವನ ಹಾಗೆ ಕೆಮ್ಮಿ ಒಳಗೆ ಹೋದ. ಕೋಣೆಯ ಬಾಗಿಲು ತೆರೆಯಿತು. ದಾನೇಶ್ವರಿಯ ಹಣೆ, ಕುತ್ತಿಗೆ, ಕುಪ್ಪಸದ ಬೆನ್ನು ಎಲ್ಲ ತೊಯ್ದುಹೋಗಿತ್ತು. ಮುಖ ಕೆಂಪಾಗಿತ್ತು. ಒಳಗೆ ಬೇರೆ ಯಾರೂ ಇರಲಿಲ್ಲ, ಅವಳ ಕೈಯಲ್ಲಿ ಫೋನು ಮಾತ್ರ ಇತ್ತು. ಅವಳ ಹಿಂದೆ ಅರೆಗತ್ತಲಲ್ಲಿ ನಾಲ್ಕೂ ಗೋಡೆಗೆ ಕೌದಿಗಳು ನೇತಾಡುತ್ತಿದ್ದವು. ಕೆಲವು ದಿನಗಳಿಂದ ಮನೆಯ ಕೌದಿಗಳು ಕಾಣೆಯಾಗಿದ್ದನ್ನು ಅವನು ಗಮನಿಸಿದ್ದ. ಜ್ಯೇಷ್ಠಮಧುವಿನ ಕಡ್ಡಿಗಳು, ಕಲ್ಲುಸಕ್ಕರೆಯ ಡಬ್ಬಿ ಆ ಕೋಣೆ ಸೇರಿದ್ದನ್ನೂ ಗಮನಿಸಿದ್ದ. ಗಮನಿಸಿದ್ದನ್ನು ಒಂದಕ್ಕೊಂದು ಗಂಟು ಹಾಕಿಕೊಂಡು ಅಂಗಡಿಯ ಗಲ್ಲಾದ ಮುಂದೆ ಕೂತು ದಿನಗಳೆದಿದ್ದ.

"ಫ್ಯಾನ್ ಕೆಟ್ಟೈತೇನು?" ತಟ್ಟೆಯ ಮುಂದೆ ಕೂತು ಕೇಳಿದ.

"ಇಲ್ಲ. ಸಪ್ಪಳ ಆಗ್ತೈತಿ ಅಂತ ಬಂದ್ ಮಾಡೀನಿ."

"ಯಾತಕ್ಕ ಸಪ್ಪಳ?"

"ಹೇಳಿದ್ದೆನಲ್ರಿ," ಎಂದು ಅವಳು ಮಜ್ಜಿಗೆ ತರಲು ಎದ್ದಳು.

ಹೇಳಿದ್ದೆನಲ್ರಿ. ಎಷ್ಟು ಸರಾಗವಾಗಿ ಅಂದಳು! ಸಿಕ್ಕಿಬಿದ್ದವರು ಹೀಗೇ, ಹೇಳದೇ ಇದ್ದದ್ದನ್ನು ಹೇಳಿದ್ದೇವೆನ್ನುತ್ತಾರೆ, ಎದುರಿಗಿದ್ದವನು ತನ್ನ ನೆನಪಿನ ಮೇಲೇ ಅನುಮಾನಪಡಲಿ ಎಂದು. ಅವಳ ಫೋನು ಅನ್ನದ ಪಾತ್ರೆಯ ಪಕ್ಕದಲ್ಲೇ ಇತ್ತು. ಮುಟ್ಟುವ ಮೊದಲೇ ಅದು ತಾನಾಗಿ ಬೆಳಗಿ, 'ನಜೀಬ ಹಿಟ್ನಾಳ' ಎಂಬ ಹೆಸರನ್ನೂ ಅದರ ಕೆಳಗೆ 'ಇವತ್ತಿಂದು ಭಾಳ ಅದ್ಭುತ ಆಗೈತಿ ಅಕ್ಕಾರ' ಎಂಬ ಸಾಲನ್ನೂ ತೋರಿಸಿ ಆರಿಹೋಯಿತು. ಅಕ್ಕಾರ. ಇದೂ ಒಂದು ಜಾಣತನ. ಅವನು ಅನ್ನ ಕಲಸಿದ. ಮದುವೆಗೆ ಮುಂಚೆ ಅವಳು ಹೊಸಪೇಟೆಯಲ್ಲಿ ರೇಡಿಯೋದಲ್ಲಿ ಮಾತಾಡುತ್ತಿದ್ದವಳು. ರೈತರಿಗೆ ಹವಾಮಾನ, ಹೆಂಗಸರಿಗೆ ಆರೋಗ್ಯ. ಹೆಣ್ಣು ನೋಡಲು ಹೋದಾಗ ಅತ್ತೆ ಅದನ್ನೇ ಎರಡು ಸಲ ಹೇಳಿದ್ದರು. ಆಮೇಲೊಮ್ಮೆ ತಮ್ಮನ ಮದುವೆಯಲ್ಲಿ ಬೀಗರೆಲ್ಲ ಕೂತಿದ್ದಾಗ ಪ್ರಭುರಾಜ ಮೂಗು ಹಿಡಿದುಕೊಂಡು, "ಈಗ ಪ್ರದೇಶ ಸಮಾಚಾರ," ಎಂದು ಅವಳ ದನಿಯನ್ನು ಅಣಕಿಸಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಅವಳೂ ನಕ್ಕಿದ್ದಳು. ಆ ದಿನದಿಂದ ಮನೆಯಲ್ಲಿ ಅವಳು ಜೋರಾಗಿ ಏನನ್ನೂ ಓದಿದ್ದಿಲ್ಲ. ವಾರಪತ್ರಿಕೆ ಓದುವಾಗ ತುಟಿಗಳು ಮಾತ್ರ ಅಲುಗುತ್ತಿದ್ದವು. ಈಗ ಆ ದನಿಯನ್ನು ಹಿಟ್ನಾಳದ ಯಾವನೋ ಅದ್ಭುತ ಅನ್ನುತ್ತಿದ್ದಾನೆ.

ಅಂಗಡಿಗೆ ಬಂದರೆ ಹನಿ ನೀರಾವರಿಯ ಕಪ್ಪು ಪೈಪಿನ ಸುರುಳಿಗಳು ಬಿಸಿಲಿಗೆ ಮೆತ್ತಗಾಗಿ ವಾಸನೆ ಬಿಡುತ್ತಿದ್ದವು. ಎದುರಿನ ಚಹಾದಂಗಡಿಯವನು ತನ್ನನ್ನು ನೋಡಿ ಪಕ್ಕದವನಿಗೆ ಏನೋ ಹೇಳಿದ. ಏನು ಹೇಳಿದ? ಊರಿಗೆಲ್ಲ ಗೊತ್ತಿದೆಯೇ? ಗೋವಿಂದರಾಜ ಬಂದದ್ದು ಆಗಲೇ. ಸಣ್ಣವರಿದ್ದಾಗ ಒಂದೇ ಬೆಂಚಿನಲ್ಲಿ ಕೂತವರು. ಈಗ ಅವನಿಗೆ ಎರಡು ಟಿಪ್ಪರುಗಳಿವೆ, ಹಿಂದೆ ಮುಂದೆ ಓಡಾಡಲು ಹುಡುಗರಿದ್ದಾರೆ. ಕೊರೊನಾ ಕಾಲದಲ್ಲಿ ಓಣಿಯ ಬಾಯಿಗೆ ಜಾಲಿಮುಳ್ಳು ಹಾಕಿ ಕೋಲು ಹಿಡಿದು ಕಾವಲು ನಿಂತವನು ಗೋವಿಂದರಾಜ. ಆ ಕೋಲನ್ನು ಅವನು ಇನ್ನೂ ಕೆಳಗೆ ಇಟ್ಟಿಲ್ಲವೆಂದು ಪ್ರಭುರಾಜನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಕಲ್ಲಂಗಡಿಯ ಗಾಡಿ ತಳ್ಳಿಕೊಂಡು ಬಂದ ಮುದುಕ ಹೈದರಸಾಬನನ್ನು, ನೀನು ಹಣ್ಣಿಗೆ ಉಗುಳಿ ತಂದಿದ್ದೀ ಎಂದು ಅವನು ತಡೆದಾಗ ಪ್ರಭುರಾಜ ಅಲ್ಲೇ ಮುಳ್ಳಿನ ಈಚೆ ನಿಂತಿದ್ದ. ಗಾಡಿ ಮಗುಚಿತು. ಹಣ್ಣು ಒಡೆದು ರಸ್ತೆ ಕೆಂಪಾಯಿತು. ಪ್ರಭುರಾಜ ಮನೆಗೆ ಹೋಗಿ ಕೈ ತೊಳೆದುಕೊಂಡಿದ್ದ, ಆಗ ಎಲ್ಲರೂ ತೊಳೆಯುತ್ತಿದ್ದ ಹಾಗೆ.

"ಯಾಕೋ, ಮಾರಿ ಸಪ್ಪಗ ಮಾಡ್ಕೊಂಡು ಕುಂತಿ?" ಗೋವಿಂದರಾಜ ಕುರ್ಚಿ ಎಳೆದುಕೊಂಡ.

"ಏನಿಲ್ಲ."

"ಏನಿಲ್ಲ ಅನ್ನಾಂವಗ ಏನೋ ಇರ್ತೈತಿ. ಹೇಳು."

ಹೇಳಬಾರದು ಎಂದುಕೊಂಡೇ ಪ್ರಭುರಾಜ ಹೇಳಿದ, ಹೇಳುವಾಗ ನಾಲಿಗೆಗೆ ಒಂದು ಬಗೆಯ ಹಿತವಾಯಿತು. "ಮನಿಗೆ ಒಂದು ಫೋನ್ ಬರ್ತೈತಪ. ಹಿಟ್ನಾಳದ ಹುಡುಗಂದು. ನಜೀಬ ಅಂತ."

ಗೋವಿಂದರಾಜ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದ. ಕನಿಕರದಿಂದ ಅವನ ಮೊಣಕಾಲ ಮೇಲೆ ಕೈ ಇಟ್ಟ. ಆ ಕೈಯ ಭಾರ ಪ್ರಭುರಾಜನಿಗೆ ಬಹಳ ದಿನಗಳ ಮೇಲೆ ಸಿಕ್ಕ ಗೌರವದಂತೆ ಕಂಡಿತು. "ನೀ ಏನೂ ತಲಿ ಕೆಡಿಸ್ಕೋಬ್ಯಾಡ. ತಂಗೀದು ತಪ್ಪಿಲ್ಲ. ಇವರ ಕೆಲಸಾನ ಇದು. ನಾ ವಿಚಾರಸ್ತೀನಿ."

"ವಿಚಾರಿಸು ಅಂದ್ರ... ಬರೇ ಕೇಳು ಮತ್ತ."

"ಬರೇ ಕೇಳ್ತೀನಿ," ಎಂದು ಗೋವಿಂದರಾಜ ನಕ್ಕ.

ಮರುದಿನ ದಾನೇಶ್ವರಿ ಓಣಿಯ ಪಾರಮ್ಮನ ಬಸುರಿ ಸೊಸೆಗೆ ಕುಪ್ಪಸದ ಶಾಸ್ತ್ರ ಮಾಡುತ್ತಾರೆಂದು ಹಸಿರು ಸೀರೆಯುಟ್ಟು ಹೋದಳು. ಅವಳು ನಿಜವಾಗಿ ಪಾರಮ್ಮನ ಮನೆಯ ಒಳಗೇ ಹೋದಳೆಂಬುದನ್ನು ಪ್ರಭುರಾಜ ಮಾಳಿಗೆಯ ಮೇಲಿನಿಂದ ನೋಡಿ ಖಚಿತಪಡಿಸಿಕೊಂಡ. ಆಮೇಲೆ ಹಿಂದಿನ ಕೋಣೆಗೆ ಹೋದ. ಕೌದಿಗಳ ನಡುವೆ ಅವನ ಉಸಿರಿನ ಸದ್ದೂ ಸತ್ತುಹೋಯಿತು. ಜೋಳದ ಚೀಲದ ಮೇಲೆ ಅಂಗಡಿಯಲ್ಲಿ ಬಿಲ್ಲು ಮಾಡಲು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪು, ಅದರ ಪಕ್ಕ ಕರಿ ಸ್ಪಂಜಿನ ಟೋಪಿ ಹಾಕಿದ ಸಣ್ಣ ಮೈಕು. ಇಲ್ಲಿ ಏನು ಸಿಗಬೇಕೆಂದು ಬಯಸಿ ಬಂದಿದ್ದೇನೆ ಎಂದು ಅವನಿಗೇ ಹೊಳೆಯಲಿಲ್ಲ. ಕೆಟ್ಟದ್ದು ಸಿಗದಿದ್ದರೆ ನಿರಾಸೆಯಾದೀತೆಂಬ ಭಯ ಮಾತ್ರ ಸ್ಪಷ್ಟವಾಗಿತ್ತು. ಲ್ಯಾಪ್‌ಟಾಪು ತೆರೆದರೆ ಪರದೆಯ ನಡುವೆ ಒಂದೇ ಚಿತ್ರ: ಕಪ್ಪು ಕೋಟೆಯ ಮೇಲೆ ಹಾರುವ ಹಕ್ಕಿಗಳು. ಒತ್ತಿದ. ಕತ್ತಲು ತುಂಬಿಕೊಂಡಿತು. ಗಂಟೆಯ ಸದ್ದು. ಕನ್ನಡ ಅಕ್ಷರಗಳು ಮೂಡಿದವು: ಪ್ಲೇಗಿನ ಮೂರನೆಯ ವರ್ಷ, ಊರ ಬಾಗಿಲು ಮುಚ್ಚಿದೆ.

ಅದೊಂದು ಆಟ. ನೂರಾರು ವರ್ಷದ ಹಿಂದಿನ, ಕಡಲಾಚೆಯ ಯಾವುದೋ ಊರು. ಬೇನೆ ಬಂದ ಮನೆಗಳ ಬಾಗಿಲಿಗೆ ಹೊರಗಿನಿಂದ ಹಲಗೆ ಹೊಡೆದಿದ್ದರು, ಒಳಗಿನಿಂದ ಯಾರೋ ಬಡಿಯುತ್ತಿದ್ದರು. ಮೇಣದಬತ್ತಿ ಮಾಡುವ ಮಾರ್ಗಿಟ್ ಎಂಬ ಹೆಂಗಸು, ಬಗಲಲ್ಲಿ ಗಡ್ಡೆ ಎದ್ದ ತನ್ನ ಮುದುಕ ತಂದೆಯನ್ನು ಕಾವಲುಗಾರರ ಕಣ್ಣು ತಪ್ಪಿಸಿ ಊರ ಹೊರಗಿನ ನದಿಗೆ ಮುಟ್ಟಿಸಬೇಕು. ಅವಳ ಕೈಯಲ್ಲಿ ಕತ್ತಿ ಇಲ್ಲ, ಏನೂ ಇಲ್ಲ. ಗೋಡೆಗೆ ಬೆನ್ನು ಹಚ್ಚಿ ನಡೆಯಬೇಕು, ನಿಲ್ಲಬೇಕು, ಕಾಯಬೇಕು. ಪರದೆಯ ಮೂಲೆಯಲ್ಲಿ ಮುಚ್ಚಿದ ಕಣ್ಣೊಂದಿತ್ತು, ಕೆಳಗೆ 'ಸಂಶಯ' ಎಂದು ಬರೆದಿತ್ತು. ಯಾರಿಗಾದರೂ ಸುಳಿವು ಸಿಕ್ಕರೆ ಆ ಕಣ್ಣು ನಿಧಾನವಾಗಿ ತೆರೆಯುತ್ತಿತ್ತು. ಪ್ರಭುರಾಜ ಎಡವಟ್ಟು ಬೆರಳುಗಳಿಂದ ಮಾರ್ಗಿಟ್‌ಳನ್ನು ಒಂದು ಬಾವಿಯ ಹಿಂದೆ ಕೂಡಿಸಿದ. ಕಂದೀಲು ಹಿಡಿದ ಕಾವಲುಗಾರ ಆಚೆ ಬಂದು ನಿಂತ. ಆಗ ಕೋಣೆಯ ಸತ್ತ ಗಾಳಿಯಲ್ಲಿ, ಅವನ ಕಿವಿಯ ಪಕ್ಕದಲ್ಲೇ ಎಂಬಂತೆ, ದಾನೇಶ್ವರಿ ಪಿಸುಗುಟ್ಟಿದಳು: "ಉಸಿರು ಬಿಡಬ್ಯಾಡ. ಅವ ಹೊರಗ ನಿಂತಾನ."

"ಕೆಮ್ಮು ತಡೀವಲ್ದವ್ವಾ," ಎಂದಿತು ಮುದುಕನ ದನಿ. ಅದು ಮುದುಕನ ದನಿಯಲ್ಲವೆಂದು, ಹರೆಯದವನೊಬ್ಬ ಗಂಟಲನ್ನು ಒಣಗಿಸಿಕೊಂಡು ತೆಗೆದ ದನಿಯೆಂದು ಕೂಡಲೇ ತಿಳಿಯಿತು.

"ತಡಿಯಪ್ಪಾ. ನನ್ನ ಸೀರಿ ಕಚ್ಚಿ ಹಿಡಿ. ಅವನಿಗೆ ಏನೂ ಗೊತ್ತಾಗಿಲ್ಲ. ಅವ ಹೋಗೂತನಕ ನನ್ನ ಕೈ ಬಿಡಬ್ಯಾಡ."

ಮುದುಕ ಕೆಮ್ಮಿದ. ಪ್ರಭುರಾಜ ಒತ್ತಬೇಕಾದ ಗುಂಡಿಯನ್ನು ಒತ್ತಿರಲಿಲ್ಲ. ಕಣ್ಣು ತೆರೆಯಿತು. ಕಾವಲುಗಾರನಿಗಿಂತ ಮುಂಚೆ ಎದುರಿನ ಮನೆಯ ಕಿಟಕಿಯಿಂದ ಯಾವಳೋ ಹೆಂಗಸು ಕೈ ಚಾಚಿ ತೋರಿಸಿದಳು. ಇಬ್ಬರನ್ನೂ ಎಳೆದೊಯ್ದರು. ಮತ್ತೆ ಮೊದಲಿನಿಂದ. ಅವನು ಮತ್ತೆ ಮತ್ತೆ ಆಡಿದ. ಪ್ರತಿ ಸಲ ಹೊಸದೊಂದು ಕಡೆ ಸಿಕ್ಕಿಬಿದ್ದ. ಆದರೆ ಅವನಿಗೆ ನದಿ ಬೇಕಿರಲಿಲ್ಲ, ಆ ದನಿ ಬೇಕಿತ್ತು. ಅದು ಅಂಜುತ್ತಿತ್ತು, ಗದರುತ್ತಿತ್ತು, ಸುಳ್ಳು ಧೈರ್ಯ ಹೇಳುತ್ತಿತ್ತು. ಕತ್ತಲಲ್ಲಿ ತಂದೆಯ ಹಣೆ ಒರೆಸುತ್ತ, ನಾ ಸಣ್ಣಾಕಿ ಇದ್ದಾಗ ನೀ ಹೇಳ್ತಿದ್ದಿ ನೋಡು, ಎಂದು ಏನೋ ನೆನಪಿಸುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳ ಗಂಟಲಲ್ಲಿ ಇಷ್ಟೆಲ್ಲ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ಸಂಶಯ ಸುಳ್ಳಾಗಿತ್ತು, ಆದರೆ ಸಾಯಲಿಲ್ಲ, ಜಾಗ ಬದಲಿಸಿ ಕೂತಿತು. ಈ ಮಮತೆಯನ್ನು ಇವಳು ಎಲ್ಲಿಂದ ತಂದಳು? ತನಗೆಂದು ಇಟ್ಟದ್ದನ್ನು ಇಲ್ಲಿ ಖರ್ಚು ಮಾಡಿದಳೇ, ಅಥವಾ ತನಗೆಂದು ಯಾವತ್ತೂ ಇಟ್ಟಿರಲೇ ಇಲ್ಲವೇ?

ಆಗ ನೆನಪಾಯಿತು. ಯಾವಾಗಲೋ ಊಟಕ್ಕೆ ಕೂತಾಗ ತಾವರಗೇರಿಯಿಂದ ಯಾರೋ ಪೈಪಿನ ವಿಷಯಕ್ಕೆ ಫೋನು ಮಾಡಿದ್ದರು. ಅವನು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ರೊಟ್ಟಿ ಮುರಿಯುತ್ತಿದ್ದ. ಎದುರಿಗೆ ಕೂತ ಅವಳು ಬಹಳ ಸಡಗರದಿಂದ ಏನೋ ಹೇಳುತ್ತಿದ್ದಳು, ಹಿಟ್ನಾಳದ ಹುಡುಗ, ಆಟಕ್ಕ ದನಿ ಕೊಡೂದು, ಕನ್ನಡದೊಳಗ, ನಮ್ಮ ಕಡೇ ಮಾತಿನೊಳಗ. ಅವನು ಹೂಂ ಅಂದಿದ್ದ. ಮಾಡ್ಲೇನ್ರಿ ಎಂದು ಕೇಳಿದ್ದಳು. ಹೂಂ, ಮಾಡು, ಎಂದು ಪಲ್ಯದ ಬಟ್ಟಲು ಮುಂದೆ ತಳ್ಳಿದ್ದ.

ಗೋವಿಂದರಾಜನಿಗೆ ಫೋನು ಮಾಡಿದಾಗ ಆ ಕಡೆ ಗಾಳಿಯ ಸದ್ದಿತ್ತು. "ಗೋವಿಂದ, ನಿನ್ನಿ ಹೇಳಿದ್ದು ಬಿಟ್ಟುಬಿಡು. ಅದು ಹಂಗಿಲ್ಲ. ಏನೋ ಆಟದ ಕೆಲಸ ಅದು."

"ಆಟಾನ ಅದು. ಹಿಂಗಾ ಶುರು ಆಗ್ತೈತಿ," ಎಂದ ಗೋವಿಂದರಾಜ. "ನಾವು ಹೊಂಟೀವಿ. ನೀ ಮನ್ಯಾಗ ಇರು."

"ಬ್ಯಾಡೋ. ನಾ ತಪ್ಪು ತಿಳ್ಕೊಂಡಿದ್ದೆ."

"ಅಂಜಬ್ಯಾಡ ಪ್ರಭು. ನಿನ್ನ ಹೆಸರು ಎಲ್ಲೂ ಬರೂದಿಲ್ಲ." ಫೋನು ಕಡಿಯಿತು.

ಹೆದ್ದಾರಿಯುದ್ದಕ್ಕೂ ಅವನು ಲಾರಿಗಳ ಎಡಬಲ ನುಸುಳಿ ಬೈಕು ಓಡಿಸಿದ. ಎದುರುಗಾಳಿಗೆ ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದೇನೆಯೇ ಎಂದು ತನ್ನನ್ನೇ ಅನುಮಾನದಿಂದ ನೋಡಿಕೊಂಡ, ಗಾಳಿಯೇ ಇರಬೇಕು. ತಿರುಗಿ ಹೋದರೂ ಆದೀತು ಎಂಬ ಯೋಚನೆ ದಾರಿಯಲ್ಲಿ ಎರಡು ಮೂರು ಸಲ ಬಂತು. ತನ್ನ ಹೆಸರು ಎಲ್ಲೂ ಬರುವುದಿಲ್ಲ. ಆ ಮಾತಿನಲ್ಲಿ ನೆರಳಿತ್ತು, ತಂಪಿತ್ತು. ಮುಳ್ಳಿನ ಈಚೆ ನಿಂತಿದ್ದಾಗಿನ ತಂಪು. ಆದರೂ ಬೈಕು ತಿರುಗಲಿಲ್ಲ. ಅದಕ್ಕೆ ಕಾರಣ ತನ್ನ ಒಳ್ಳೆಯತನವೋ, ದಾನೇಶ್ವರಿಗೆ ಗೊತ್ತಾದರೆ ಎಂಬ ಹೆದರಿಕೆಯೋ, ಅವನು ಕೊನೆಗೂ ತೀರ್ಮಾನಿಸಲಾರದೇ ಹೋದ.

ಹಿಟ್ನಾಳದಲ್ಲಿ ನಜೀಬನ ಅಂಗಡಿ ರಸ್ತೆಗೆ ಅಂಟಿಕೊಂಡೇ ಇತ್ತು. ಮುಂದೆ ಮೊಬೈಲ್ ರಿಪೇರಿಯ ಗಾಜಿನ ಮೇಜು, ಹಿಂದೆ ಸದ್ದು ತಡೆಯಲು ತತ್ತಿಯ ಟ್ರೇಗಳನ್ನು ಗೋಡೆಗೆ ಬಡಿದ ಸಣ್ಣ ಕೋಣೆ. ಗೋವಿಂದರಾಜನ ಹುಡುಗರಿಬ್ಬರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಸ್ಟೂಲಿನ ಮೇಲೆ ತೆಳ್ಳಗಿನ ಹುಡುಗ, ಇಪ್ಪತ್ತೈದರ ಆಸುಪಾಸಿನವನು, ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದ. ಕೆನ್ನೆಯ ಮೇಲೆ ಬೆರಳಿನ ಗುರುತು. ಮೈಕು ನೆಲದ ಮೇಲೆ ಬಿದ್ದು ಜಾಳಿಗೆ ಚಪ್ಪಟೆಯಾಗಿತ್ತು. ಗೋವಿಂದರಾಜ ಅವನ ಫೋನನ್ನು ಕೈಯಲ್ಲಿ ಹಿಡಿದು ಏನನ್ನೋ ಹುಡುಕುತ್ತಿದ್ದ.

"ಬಿಡೋ ಅವನ್ನ," ಎಂದ ಪ್ರಭುರಾಜ. ದನಿ ತನ್ನದೆನಿಸಲಿಲ್ಲ.

"ನೀ ಯಾಕ ಬಂದಿ?" ಗೋವಿಂದರಾಜನ ಮುಖದಲ್ಲಿ ಈಗ ಕನಿಕರವಿರಲಿಲ್ಲ. "ಇದರಾಗ ಕೇಳು ಬೇಕಾದ್ರ. ಕೈ ಹಿಡಿ ಅಂತಾಳ, ಸೀರಿ ಕಚ್ಚು ಅಂತಾಳ. ಇನ್ನೇನು ಬೇಕು?"

"ಅದು ಅಪ್ಪಗ ಹೇಳೂದು. ಆಟದಾಗ ಅಪ್ಪ ಇರ್ತಾನ, ಪ್ಲೇಗು ಬಂದಿರ್ತೈತಿ..." ಹೇಳುತ್ತ ಹೇಳುತ್ತ ಅದೆಷ್ಟು ಹುಚ್ಚುಮಾತಾಗಿ ಕೇಳುತ್ತಿದೆ ಎಂದು ಅವನಿಗೇ ತಿಳಿಯಿತು. ಬಾಗಿಲಲ್ಲಿದ್ದವರು ನಕ್ಕರು.

"ಹೇಣ್ತಿ ಅಂಜಿಸಿ ಕಳಿಸ್ಯಾಳ ನೋಡ್ರಿ ಇಂವನ್ನ," ಎಂದ ಒಬ್ಬ.

"ಹಂಗಾರ ಹಚ್ಚು ಆಕೀಗೆ ಫೋನು," ಎಂದ ಗೋವಿಂದರಾಜ. "ಎಲ್ಲರಿಗೂ ಕೇಳೂಹಂಗ ಹಚ್ಚು. ಆಕಿ ಬಾಯಿಂದಾನ ಬರಲಿ."

ಪ್ರಭುರಾಜ ನಜೀಬನ ಕಡೆ ನೋಡಿದ. ಹುಡುಗ ಬೇಡ ಎಂಬಂತೆ ತಲೆಯಾಡಿಸಿದ. ಏಟು ತಿಂದವನು ಅಕ್ಕನಿಗೆ ಅವಮಾನವಾಗದಿರಲಿ ಎನ್ನುತ್ತಿದ್ದಾನೆ ಎಂದು ಅರ್ಥವಾಗಲು ಪ್ರಭುರಾಜನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಫೋನು ಹಚ್ಚಿದ. ಆ ಕಡೆ ಕುಪ್ಪಸದ ಮನೆಯ ಹಾಡು, ಬಳೆಗಳ ಸದ್ದು, ನಗು.

"ಏನ್ರಿ?"

"ದಾನೇಶ್ವರಿ... ನಜೀಬ ಯಾರು?"

ಅವಳು ಹಾಡಿನಿಂದ ದೂರ ಸರಿದದ್ದು ಕೇಳಿಸಿತು. ಬಾಗಿಲು ಮುಚ್ಚಿದ ಸದ್ದು. "ಹೇಳಿದ್ದೆನಲ್ರಿ ನಿಮಗ. ಊಟಕ್ಕ ಕುಂತಾಗ ಹೇಳಿದ್ದೆ. ಮಾಡು ಅಂದಿದ್ರಿ."

ಹೊರಗೆ ಲಾರಿಯೊಂದು ಹಾರ್ನು ಹಾಕಿ ಹೋಯಿತು. ಅದು ಫೋನಿನಲ್ಲಿ ಅವಳಿಗೂ ಕೇಳಿಸಿರಬೇಕು.

"ಎಲ್ಲಿ ಅದೀರಿ ನೀವು?" ದನಿ ಬದಲಾಯಿತು. "ಹಿಟ್ನಾಳದಾಗ ಅದೀರೇನು? ನಿಮ್ಮ ಜೋಡಿ ಯಾರು ಅದಾರ?"

ಅವನು ಗೋವಿಂದರಾಜನ ಕಡೆ ನೋಡಿದ.

"ಗೋವಿಂದರಾಜಣ್ಣ ಅದಾರೇನು? ಅಣ್ಣಾ, ಕೇಳ್ರಿಲ್ಲೆ. ಆ ಹುಡುಗ ನನಗ ಅಕ್ಕಾರ ಅಂತಾನ. ನನ್ನ ದನಿ ಛಲೋ ಐತಿ ಅಂದಾಂವ ಅವನೊಬ್ಬನ. ಅವನ ಮೈಮ್ಯಾಲ ಯಾರರ ಕೈ ಹಾಕೀರೇನು?" ಉತ್ತರಕ್ಕೆ ಕಾದಳು. ಬರಲಿಲ್ಲ. "ಹಾಕ್ಯಾರ," ಎಂದಳು, ತನಗೇ ಹೇಳಿಕೊಂಡಂತೆ. "ಅಲ್ಲೇ ಇರ್ರಿ ನೀವು. ನಾ ಬರ್ತೀನಿ."

ಗೋವಿಂದರಾಜ ನಜೀಬನ ಫೋನನ್ನು ಗಾಜಿನ ಮೇಜಿನ ಮೇಲೆ ಇಟ್ಟ. ಅವನ ಕುತ್ತಿಗೆಯ ನರ ಉಬ್ಬಿತ್ತು. ಬಯ್ದಿದ್ದು ಮಾತ್ರ ಪ್ರಭುರಾಜನನ್ನು. "ನನ್ನ ಮಾರಿಗೆ ಮಸಿ ಬಳದಿ ನೀನು. ಇನ್ನೊಮ್ಮೆ ಯಾರ ಮುಂದನೂ ಅಳಬ್ಯಾಡ." ಹುಡುಗರನ್ನು ಕರೆದುಕೊಂಡು ಜೀಪು ಹತ್ತಿದ. ತಪ್ಪಾಯಿತೆಂದು ನಜೀಬನಿಗೆ ಯಾರೂ ಹೇಳಲಿಲ್ಲ. ಪ್ರಭುರಾಜನೂ ಹೇಳಲಿಲ್ಲ, ಬಗ್ಗಿ ಮೈಕನ್ನು ಎತ್ತಿ ಮೇಜಿನ ಮೇಲಿಟ್ಟ. ಅದು ಉರುಳಿತು. ಮತ್ತೆ ಹಿಡಿದು ನಿಲ್ಲಿಸಿದ.

"ನೀವು ಅಕ್ಕಾರ ಯಜಮಾನ್ರೇನ್ರಿ?" ನಜೀಬ ಕೇಳಿದ.

"ಹೂಂ."

"ಎಡಗಿವಿ ಗುಂಯ್ ಅನ್ನಾಕತ್ತೈತ್ರಿ. ನನ್ನ ಕೆಲಸ ಕಿವೀದು." ಅವನು ಅದನ್ನು ದೂರುವ ದನಿಯಲ್ಲಿ ಹೇಳಲಿಲ್ಲ, ಗಡಿಯಾರ ನಿಂತಿದೆ ಎಂಬಂತೆ ಹೇಳಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ.

ಪ್ರಭುರಾಜ ಹೊರಗಿನ ಬೇವಿನ ಗಿಡದ ಕೆಳಗೆ ನಿಂತ. ನೆರಳು ಅವನನ್ನು ಬಿಟ್ಟು ರಸ್ತೆಯ ಕಡೆ ಉದ್ದವಾಯಿತು. ಬಸ್ಸು ಬಂದು ನಿಂತು, ದಾನೇಶ್ವರಿ ಕುಪ್ಪಸದ ಹಸಿರು ಸೀರೆಯಲ್ಲೇ ಇಳಿದಳು. ತಲೆಯಲ್ಲಿ ಮಲ್ಲಿಗೆ, ಕೆನ್ನೆಗೆ ಹಚ್ಚಿದ ಅರಿಶಿನ ಇನ್ನೂ ಇತ್ತು. ಅವಳು ಬಯ್ಯುತ್ತಾಳೆ, ಅಳುತ್ತಾಳೆ, ಏನಾದರೊಂದು ಮಾಡುತ್ತಾಳೆ ಎಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನನ್ನು ನೋಡಿದಳು. ನೋಡದೆ ಹೋಗಿದ್ದರೆ ಒಳ್ಳೆಯದಿತ್ತು. ಪರಸ್ಥಳದ ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಗಂಡಸು ಹತ್ತಿರ ಬಂದರೆ ಹೆಂಗಸರು ನೋಡುವ ಹಾಗೆ, ಚೀಲವನ್ನು ಎದೆಗೊತ್ತಿಕೊಂಡು ನೋಡಿ, ಬಳಸಿಕೊಂಡು ಒಳಗೆ ಹೋದಳು.

ಅಂಗಡಿಯ ಮಗ್ಗುಲಿನ ಮನೆಯಿಂದ ನಜೀಬನ ತಾಯಿ ಶಾಹಜಾದಬಿ ಬಂದಳು. ಸುದ್ದಿ ಕೇಳಿ ಹೊಲದಿಂದ ಓಡಿಬಂದವಳು, ಕಾಲಿಗೆ ಇನ್ನೂ ಗದ್ದೆಯ ಕೆಸರಿತ್ತು. ಮಗ ಅವಳಿಗೆ ಏನು ಹೇಳಿದ್ದನೋ, ಇವನಾರೆಂದು ಹೇಳಿರಲಿಲ್ಲ. ಆಗಿನಿಂದ ಬಿಸಿಲಲ್ಲಿ ನಿಂತ ಗಂಡಸನ್ನು ನೋಡಿ ಒಳಗೆ ಹೋಗಿ ಸ್ಟೀಲಿನ ಲೋಟದಲ್ಲಿ ನೀರು ತಂದಳು.

"ಕುಡೀರಿ. ಆಗಿಂದ ನಿಂತೀರಿ. ನೀವು ಬಂದ ಮ್ಯಾಲೇ ಆ ಮಂದಿ ಹ್ವಾದ್ರಂತ, ಎದುರಿನ ಅಂಗಡ್ಯಾಂವ ಹೇಳಿದ. ಅಲ್ಲಾ ನಿಮಗ ಛಲೋ ಇಡಲಿ." ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ನನ್ನ ಮಗ ಇರವಿಗೂ ಕಾಲು ಹಾಕಾಂವಲ್ರಿ. ಯಾರೋ ಅವನ ಮ್ಯಾಲ ಇಲ್ಲದ್ದು ಹೇಳ್ಯಾರ. ನೀವು ಕುಷ್ಟಗಿ ಕಡ್ಯಾವ್ರಂತ. ಯಾರು ಹೇಳ್ಯಾರ, ನಿಮಗೇನರ ಗೊತ್ತೈತೇನ್ರಿ?"

ನೀರು ತಣ್ಣಗಿತ್ತು. ಅವನು ಗಟಗಟನೆ ಕುಡಿದ. ಕುಡಿಯುವಷ್ಟು ಹೊತ್ತು ಉತ್ತರ ಕೊಡಬೇಕಾಗಿರಲಿಲ್ಲ. ಲೋಟದ ಅಂಚಿನ ಮೇಲಿನಿಂದ, ತೆರೆದ ಬಾಗಿಲೊಳಗೆ ದಾನೇಶ್ವರಿ ಹುಡುಗನ ಕಿವಿಗೆ ಬಗ್ಗಿ ಏನೋ ಹೇಳುತ್ತಿರುವುದೂ, ಅವನು ಕೇಳಿಸಿತೆಂದೋ ಇಲ್ಲವೆಂದೋ ತಲೆಯಾಡಿಸುತ್ತಿರುವುದೂ ಕಾಣುತ್ತಿತ್ತು. ಗೊತ್ತಿಲ್ಲ ಎಂದರೆ ಸಾಕಿತ್ತು. ಈ ಮುದುಕಿ ನಂಬುತ್ತಿದ್ದಳು, ಹರಸಿ ಕಳಿಸುತ್ತಿದ್ದಳು.

"ನಾನ ರಿ," ಎಂದ.

ಅದೇ ಹೊತ್ತಿಗೆ ಕಬ್ಬಿಣದ ಅದಿರು ತುಂಬಿದ ಲಾರಿಗಳು ಒಂದರ ಹಿಂದೊಂದು ಹಾದುಹೋದವು. ಕೆಂಪು ಧೂಳು ಎದ್ದಿತು. ಶಾಹಜಾದಬಿ ಸೆರಗನ್ನು ಮೂಗಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇನ್ನೂ ಹತ್ತಿರ ಬಂದಳು. "ಏನಂದ್ರಿ? ಕೇಳಿಸಲಿಲ್ಲ."

ಬಾಗಿಲೊಳಗೆ ದಾನೇಶ್ವರಿ ತಲೆಯೆತ್ತಿದ್ದಳು. ಪ್ರಭುರಾಜ ಕೊನೆಯ ಲಾರಿ ದಾಟುವವರೆಗೆ ಕಾದ.

"ಹೇಳಿದಾಂವ ನಾನ. ನಿಮ್ಮ ಮಗಂದು ಏನೂ ತಪ್ಪಿಲ್ಲ." ರಸ್ತೆಯಾಚೆಯ ಅಂಗಡಿಯವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ.

ಶಾಹಜಾದಬಿ ಮೂಗಿಗೆ ಹಿಡಿದ ಸೆರಗನ್ನು ಇಳಿಸಿದಳು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕೈ ಚಾಚಿ ಲೋಟ ಇಸಿದುಕೊಂಡಳು. ತಳದಲ್ಲಿ ಇನ್ನೂ ಒಂದು ಗುಟುಕು ನೀರಿತ್ತು. ಅದನ್ನು ಅಲ್ಲೇ ಧೂಳಿಗೆ ಚೆಲ್ಲಿ ಒಳಗೆ ಹೋದಳು.